ಕನ್ನಡಿ ಇಲ್ಲದ ಲಾರಿ

ಶಿಗ್ಗಾಂವ
೧೦ ಫೆಬ್ರುವರಿ ೨೦೨೫, ಸೋಮವಾರ

ಪ್ರೀತಿಯ ತಮ್ಮ ಹಾಲೇಶ,

ಹೇಗಿದ್ದೀ? ಅರುಣಾಚಲದಲ್ಲಿ ನೀವು ರಸ್ತೆ ಕಡಿಯುತ್ತಿರುವ ಆ ಗುಡ್ಡದ ಮೇಲೆ ಹಿಮ ಬಿದ್ದಾಗಿನಿಂದ ನಿನ್ನ ಫೋನ್ ಹತ್ತುತ್ತಿಲ್ಲ. ಡೀಸೆಲ್ ತರಲು ಕೆಳಗಿಳಿಯುವ ಗಾಡಿಯವರು ಟಪಾಲು ತಂದುಕೊಡುತ್ತಾರೆ ಎಂದು ಬರೆದಿದ್ದೆಯಲ್ಲ, ಅವರನ್ನೇ ನಂಬಿ ಇದನ್ನು ಹಾಕುತ್ತಿದ್ದೇನೆ. ಕೆಮ್ಮು ಕಡಿಮೆಯಾಯಿತೇ? ಕೈಗೆ ಗ್ಲೌಸ್ ಹಾಕಿಕೊಳ್ಳದೆ ಮಷೀನಿನ ಕಬ್ಬಿಣ ಮುಟ್ಟಬೇಡ. ಅವ್ವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬೇರೆ ಬೇರೆ ಪಾಕೀಟು ಮಾಡಿ ಕಳಿಸಿದ್ದಾಳೆ. ಸುರಂಗ ಕೊರೆಯುವ ಮಷೀನಿನ ತರಬೇತಿಗೆ ನಿನ್ನ ಹೆಸರು ಬಂದದ್ದನ್ನು ಕೇಳಿ ಆಕೆ ಓಣಿಗೆಲ್ಲ ಸಕ್ಕರೆ ಹಂಚಿದಳು. ಸುರಂಗ ಎಂದರೇನು ಎಂದು ಆಮೇಲೆ ನನ್ನನ್ನು ಕೇಳಿದಳು.

ಅಪ್ಪನ ಸುದ್ದಿ ಹೇಳಬೇಕು. ಒಳ್ಳೆಯ ಸುದ್ದಿಯೇ, ಹೆದರಬೇಡ. ಆದರೆ ಮೊದಲಿನಿಂದ ಹೇಳದಿದ್ದರೆ ನಿನಗೆ ನಂಬಿಕೆ ಬರಲಿಕ್ಕಿಲ್ಲ. ನೀನು ದೀಪಾವಳಿ ಮುಗಿಸಿಕೊಂಡು ಹೋದಾಗ ಅಪ್ಪ ಹೇಗಿದ್ದ ಎಂದು ನೆನಪಿದೆಯಲ್ಲ. ಲಕ್ವಾ ಹೊಡೆದು ಬಿಸಿ, ತಂಪು ಕೂಡ ತಿಳಿಯದಾಗಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಹೈವೇ ಕಡೆ ಕಿವಿಗೊಟ್ಟು ಕುಳಿತುಬಿಡುತ್ತಿದ್ದ. ಅವನೇ ಓಡಿಸುತ್ತಿದ್ದ ಲಾರಿ ಗ್ಯಾರೇಜಿನ ಮುಂದೆ ನಿಂತೇ ಇತ್ತು. ಆಸ್ಪತ್ರೆಯಿಂದ ವ್ಯಾಯಾಮ ಮಾಡಿಸಲು ಬರುವ ಶಾಹೀನ ಮೇಡಂ ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದರೆ, "ಕೂಸಿನ ಆಟಕಿ ನನಗ ಕೊಡಬ್ಯಾಡ್ರಿ" ಎಂದು ಮಗ್ಗುಲಾಗುತ್ತಿದ್ದ. ಒಂದು ದಿನ ಅವರು ಬೇಸತ್ತು, "ವಿದ್ಯಾ, ನಿಮ್ಮಪ್ಪಗ ಏನ ಮನಸಿಗೆ ಬರತೈತಿ ಅದನ್ನ ಎಡಗೈಲೆ ಮಾಡಸ್ರಿ. ಚೆಂಡ ಇರಲಿ, ಚಮಚ ಇರಲಿ, ಕೈ ಅಂತೂ ಆಡಬೇಕು" ಎಂದರು.

ಅಪ್ಪನ ಮನಸ್ಸಿಗೆ ಬರುವುದು ಒಂದೇ ಅಲ್ಲವೇ? ನಾನು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಮುಗಿಸಿ ಕುಳಿತಾಗ, ಸ್ಟೇರಿಂಗು, ಗೇರು, ಮೂರು ಪೆಡಲು ಜೋಡಿಸಿ ಲಾರಿ ಓಡಿಸುವ ಆಟವೊಂದರ ವಿಡಿಯೊ ಕಂಡಿತು. ನೋಡುತ್ತ ನೋಡುತ್ತ ಹೊಳೆಯಿತು: ನಮ್ಮ ಲಾರಿಯಲ್ಲಿ ಗೇರು ಎಡಗೈಗೆ, ಕ್ಲಚ್ಚು ಎಡಗಾಲಿಗೆ. ಅಪ್ಪನಿಗೆ ಸೋತಿರುವುದು ಅದೇ ಕೈ, ಅದೇ ಕಾಲು. ಶಾಹೀನ ಮೇಡಂ ಅವರಿಗೆ ತೋರಿಸಿದೆ. ವಿಡಿಯೊ ಪೂರ್ತಿ ನೋಡಿ, "ಮೊದಲ ಯಾಕ ತೋರಸಲಿಲ್ರಿ" ಎಂದರು.

ನಿನ್ನ ಹಾಗೆ ನನಗೆ ಆಟದ ಕಂಪ್ಯೂಟರಿನ ಹುಚ್ಚು ಇರಲಿಲ್ಲ. ನೀನು ಕಾಲೇಜಿನಲ್ಲಿದ್ದಾಗ ಊಟಕ್ಕೆ ಕುಳಿತರೂ ಗ್ರಾಫಿಕ್ಸ್ ಕಾರ್ಡಿನ ಮಾತಾಡುತ್ತಿದ್ದೆ, ನಾನು ಬರಿದೇ ಹೂಂಗುಟ್ಟುತ್ತಿದ್ದೆ. ಈಗ ಕೇಳಬೇಕೆಂದರೆ ನೀನು ಸಿಗಲಿಲ್ಲ. ನನ್ನ ಉಳಿತಾಯದಲ್ಲಿ ನಲವತ್ತು ಸಾವಿರ ತೆಗೆಯಬಹುದಿತ್ತು. ಸ್ಟೇರಿಂಗ್ ಸೆಟ್ಟು ಹಿರೇಕೆರೂರಿನಲ್ಲಿ ಗೆಳತಿ ಜಯಶ್ರೀಯ ಗಂಡನ ಹತ್ತಿರ ಹಳೆಯದು ಸಿಕ್ಕಿತು. ಮಾನಿಟರು ಮನೆಯಲ್ಲಿತ್ತು. ಉಳಿದ ದುಡ್ಡಿನಲ್ಲಿ ಕಂಪ್ಯೂಟರ್ ಕಟ್ಟಿಸಬೇಕು. ಹುಬ್ಬಳ್ಳಿಗೆ ಹೋದೆ. ಅಂಗಡಿಯ ಜಗದೀಶ ಎಂಬವರು ಚಿತ್ರ ಬರೆಯುವ ಶಕ್ತಿಯೂ ಒಳಗೇ ಇರುವ ಒಂದು ದೊಡ್ಡ ಪ್ರೊಸೆಸರು ತೋರಿಸಿದರು. "ಇದನ್ನ ತಗೋರಿ ಅಕ್ಕಾರ, ಬ್ಯಾರೆ ಕಾರ್ಡಿನ ಗೊಡವೀನ ಬ್ಯಾಡ. ಹೊಸಾದು, ವಾರಂಟಿ ಐತಿ" ಎಂದರು. ಅವರ ಮಾತು ಸುಳ್ಳಲ್ಲ. ಅಲ್ಲೇ ಆ ಆಟ ಹಾಕಿ ಓಡಿಸಿ ತೋರಿಸಿದರು, ಸಲೀಸಾಗಿ ಓಡಿತು. ನಾನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಬಂದು ಅಪ್ಪನ ಮುಂದೆ ಹಿಡಿದೆ.

ಅಪ್ಪ ಮೊದಲು ಗೋಡೆ ಕಡೆ ನೋಡುತ್ತಿದ್ದವನು ಎಂಜಿನ್ನಿನ ಸಪ್ಪಳಕ್ಕೆ ತಿರುಗಿದ. ಒಂದು ಸಲ ನೋಡಿದ. ಇನ್ನೊಮ್ಮೆ ಹಾಕು ಎಂದ. ಆಮೇಲೆ, ಎಷ್ಟು ತಿಂಗಳಾಗಿತ್ತೋ ಆ ದನಿ ಕೇಳಿ, ಕ್ಲೀನರನನ್ನು ಬೈಯುವ ದನಿಯಲ್ಲಿ, "ಕನ್ನಡಿ ಎಲ್ಲಿ ಅದಾವ?" ಎಂದ. ಕನ್ನಡಿಗಳು ಇದ್ದವು, ಆದರೆ ಮಸುಕು. ಆಟ ನಿಲ್ಲದೆ ಓಡಲಿ ಎಂದು ಜಗದೀಶ ಅವರು ಕನ್ನಡಿಯೊಳಗಿನ ಚಿತ್ರವನ್ನು ತೀರಾ ಇಳಿಸಿಟ್ಟಿದ್ದರು. ನಾನು ವಿವರಿಸಿದೆ. ಅಪ್ಪ ಒಪ್ಪಲಿಲ್ಲ. "ಹಿಂದ ಏನ ಬರಾಕತ್ತೈತಿ ಅಂತ ಕಾಣಲಾರದ ಗಾಡಿ ನಾ ಹಿಡಿಯಂಗಿಲ್ಲ. ಮಂದಿ ಸಾಯತಾರ" ಎಂದ. ಆಟದಲ್ಲಿ ಯಾರೂ ಸಾಯುವುದಿಲ್ಲಪ್ಪಾ ಎಂದರೆ ನನ್ನನ್ನು ಒಂದು ನಮೂನೆ ನೋಡಿದ.

ಅಲ್ಲಿಂದ ನನ್ನ ಲೆಕ್ಕವೇ ಬದಲಾಯಿತು. ಎರಡು ದಿನ ಕುಳಿತು ಓದಿದೆ. ಕನ್ನಡಿ ಎಂದರೆ ಅದೇ ರಸ್ತೆಯನ್ನು ಇನ್ನೆರಡು ಕಡೆಯಿಂದ ಮತ್ತೆ ಬರೆಯಬೇಕು, ಆ ಭಾರವೆಲ್ಲ ಗ್ರಾಫಿಕ್ಸಿನ ಮೇಲೆ. ಪ್ರೊಸೆಸರಿಗೆ ಬಹಳ ಕೋರುಗಳು, ಅಂದರೆ ಒಳಗೆ ದುಡಿಯುವ ಕೈಗಳು, ಏನೂ ಬೇಡ, ಚುರುಕಾದ ನಾಲ್ಕಿದ್ದರೆ ಈ ಆಟಕ್ಕೆ ಸಾಕು. ಅಂದಮೇಲೆ ದೊಡ್ಡ ಪ್ರೊಸೆಸರು ಬಿಟ್ಟು, ಒಳಗೆ ಗ್ರಾಫಿಕ್ಸ್ ಇಲ್ಲದ ಅಗ್ಗದ ಪ್ರೊಸೆಸರು ತೆಗೆದುಕೊಂಡು, ಉಳಿದದ್ದನ್ನು ಕಾರ್ಡಿಗೆ ಹಾಕುವುದು ಸರಿ. ಹೊಸ ಕಾರ್ಡು ಕೈಗೆಟುಕುವುದಿಲ್ಲ, ಹಳೆಯದೇ ಗತಿ. ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ, "ಅಂದ್ರ ಡ್ರೈವರ್ ಸಾದಾ ಇದ್ರೂ ನಡೀತೈತಿ, ಎಂಜಿನ್ ಗಟ್ಟಿ ಬೇಕು" ಎಂದ. ಹಾಗೇ ಎಂದುಕೋ ಎಂದೆ. "ಹಳೀ ಎಂಜಿನ್ ತಗೊಳ್ಳಾಕ ನೀ ಒಬ್ಬಾಕಿನ ಹೋಗಬ್ಯಾಡ, ನಾನೂ ಬರತೇನಿ" ಎಂದ. ಹಾಲೇಶ, ಆಸ್ಪತ್ರೆಗೆ ಬಿಟ್ಟರೆ ಹೊಸಿಲು ದಾಟದಿದ್ದ ಮನುಷ್ಯ ಅವನು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಆಮೇಲೆ ಒಳಗೆ ಹೋಗಿ ಅವನ ಬಿಳಿ ಅಂಗಿ ತೆಗೆದಳು.

ಸವಣೂರಿನಲ್ಲಿ ನಯೀಮ ಎಂಬವರು ಹಳೆಯ ಕಂಪ್ಯೂಟರ್ ಸಾಮಾನು ಮಾರುತ್ತಾರೆ. ಬಾಡಿಗೆ ಟಂಟಂ ಆಟೊ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಅಪ್ಪ ಟಂಟಂನವನಿಗೆ ಎಲ್ಲಿ ಗೇರು ಇಳಿಸಬೇಕೆಂದು ಹೇಳಿಕೊಟ್ಟ. ಪಾಪ, ಅವನು "ಹೂಂ ರೀ ಕಾಕಾ" ಎನ್ನುತ್ತಲೇ ಇದ್ದ. ನಯೀಮ ಅವರು ಕುರ್ಚಿ ಹಾಕಿ, ಚಹಾ ತರಿಸಿ, ಒಂದು ಕಾರ್ಡು ತೆಗೆದಿಟ್ಟರು. ಅಪ್ಪ, "ಥಂಡ ಎಂಜಿನ್ ಯಾವುದಾದ್ರೂ ಚಾಲೂ ಆಗತೈತಿ ಸಾಹೇಬ್ರ. ಲೋಡ್ ಹಾಕಿ ತೋರಸ್ರಿ" ಎಂದ. ಅವರು ನಕ್ಕು ಕಾರ್ಡನ್ನು ಜೋಡಿಸಿ, ಅದರ ಮೈಮುರಿಯುವಂತೆ ಭಾರ ಹಾಕುವ ಪರೀಕ್ಷೆಯೊಂದನ್ನು ಓಡಿಸಿದರು. ಫ್ಯಾನು ಗರಗರ ಎಂದಿತು. ಬೇರಿಂಗ್ ಹೋಗಿದೆ, ಬೇಡವೇ ಬೇಡ ಎಂದು ಅಪ್ಪ ಎದ್ದೇಬಿಟ್ಟ. ನಾನು ಕೂಡ್ರಿಸಿ, ಕಾರ್ಡು ಬಿಚ್ಚಿಸಿ ನೋಡಿದರೆ ಫ್ಯಾನಿಗೆ ದೂಳು ಮೆತ್ತಿತ್ತು, ಅಷ್ಟೇ. ಒರೆಸಿ ಹಾಕಿದ ಮೇಲೆ ಸಪ್ಪಳ ಇಳಿಯಿತು. ಅಪ್ಪ ಮೀಸೆ ತಿರುವಿ, "ಇರಲಿ, ದೂಳಿಗೆ ಬೇರಿಂಗನೂ ಹೋಕ್ಕಾವ" ಎಂದ. ಸೋಲು ಒಪ್ಪುವ ಮನುಷ್ಯನೇ ಅಲ್ಲ.

ಪರೀಕ್ಷೆ ಅರ್ಧ ತಾಸು ನಡೆಯಿತು. ಅಷ್ಟರಲ್ಲಿ ಅಪ್ಪ ಮುಂದೆ ಬಗ್ಗಿದ. ಬಲಗೈ ಮೇಜಿಗೆ ಊರಿತ್ತು. ಎಡಗೈ ತೊಡೆಯಿಂದ ತಾನೇ ಎದ್ದು, ನಡುಗುತ್ತ ನಡುಗುತ್ತ, ಕಾರ್ಡಿನ ಹಿಂಬದಿಯ ತಗಡಿನ ತನಕ ಹೋಯಿತು. ಬೆರಳು ತಾಗಿದ ಕೂಡಲೇ ಅಪ್ಪ ಕೈ ಹಿಂದಕ್ಕೆಳೆದುಕೊಂಡ. "ಸುಡತೈತಿ" ಎಂದ. ಆಮೇಲೆ ನನ್ನ ಮುಖ ನೋಡಿ ಮತ್ತೆ ಮೆತ್ತಗೆ ಹೇಳಿದ, "ವಿದ್ಯಾ, ಸುಡತೈತಿ ನೋಡಬೇ." ನಯೀಮ ಅವರಿಗೆ ಏನೂ ತಿಳಿಯದೆ, ಅಷ್ಟು ಬಿಸಿ ಆಗುವುದು ಸಹಜ ಎಂದು ಸಮಾಧಾನ ಹೇಳತೊಡಗಿದರು. ನಾನು ಕಾರ್ಡು ಕಟ್ಟಿಕೊಡಿ ಎಂದೆ. ಚೌಕಾಶಿ ಮಾಡಲಿಲ್ಲ ಎಂದು ಅಪ್ಪ ವಾಪಸು ಬರುವಾಗ ಬೈದ.

ಈಗ ಪಡಸಾಲೆಯಲ್ಲೇ ಲಾರಿ ನಿಂತಿದೆ. ಹಳೆಯ ಕಟ್ಟಿಗೆ ಮೇಜಿಗೆ ಸ್ಟೇರಿಂಗು ಬಿಗಿದಿದ್ದೇವೆ, ಎಡಕ್ಕೆ ಗೇರು. ಪರದೆಯಲ್ಲಿ ಎರಡೂ ಕನ್ನಡಿ ಈಗ ನಿಚ್ಚಳ. ಮೊದಲ ದಿನ ಅಪ್ಪನ ಕಾಲು ಕ್ಲಚ್ಚಿನ ಮೇಲೆ ನಿಲ್ಲಲೇ ಇಲ್ಲ, ಪರದೆಯೊಳಗಿನ ಗಾಡಿ ಜಿಗಿದು ಗೋದಾಮಿನ ಗೋಡೆಗೆ ಗುದ್ದಿತು. ಅಪ್ಪ ಸ್ಟೇರಿಂಗ್ ಬಿಟ್ಟು ಕುಳಿತ, ಕಣ್ಣು ತುಂಬಿತ್ತು. ಇಷ್ಟಕ್ಕೇ ಮುಗಿಯಿತೇನೋ ಎಂದುಕೊಂಡೆ. ಆದರೆ ಮರುದಿನ ಚಹಾ ಕುಡಿದು ತಾನೇ ಗೋಡೆ ಹಿಡಿದು ಬಂದು ಕುಳಿತ. ಈಗ ಎರಡನೆಯ ಗೇರಿನಿಂದ ಮೂರಕ್ಕೆ ತಾನೇ ಹಾಕುತ್ತಾನೆ. ನಾಲ್ಕಕ್ಕೆ ನನ್ನ ಕೈ ಬೇಕು. ನಮ್ಮ ಹಾಗೆ ಎಡಬದಿಗೆ ಓಡಿಸುತ್ತಾರೆಂದು ಆರಿಸಿದ ರಸ್ತೆ ಇಂಗ್ಲೆಂಡಿನದು. "ಏನ ರಸ್ತೇ ಇದು, ಒಂದ ಎಮ್ಮಿ ಇಲ್ಲ, ಚಾದಂಗಡಿ ಇಲ್ಲ" ಎಂದು ಗೊಣಗುತ್ತಾನೆ. ಅವ್ವ ತಾಟು ತಂದಿಟ್ಟು, "ಯಾವೂರಾಗ ಅದೀರಿ, ಊಟಕ್ಕ ಇಳೀತೀರೇನು?" ಎಂದು ಕೇಳುತ್ತಾಳೆ. ಶಾಹೀನ ಮೇಡಂ ಬಂದು ಅವನ ಹಿಂದೆ ನಿಂತು ನೋಡುತ್ತಾರೆ. ಪೂರ್ತಿ ಗುಣವಾಗುತ್ತದೆ ಎಂದು ಅವರು ಹೇಳುವುದಿಲ್ಲ. ತಾಟು ಹಿಡಿಯುವಷ್ಟು, ಕೋಲಿಲ್ಲದೆ ನಡೆಯುವಷ್ಟು ಆದೀತು ಎನ್ನುತ್ತಾರೆ. ನನಗೆ ಅದು ಬಹಳವಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಅವ್ವನ ಆಶೀರ್ವಾದ ನಿನ್ನ ಬೆನ್ನಿಗಿದೆ. ಆ ಚಳಿ ನಿನ್ನನ್ನು ಮುಟ್ಟದಿರಲಿ.

ನಿನ್ನ ಅಕ್ಕ,
ವಿದ್ಯಾ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ತರಬೇತಿ ಬಿಟ್ಟು, ಕೆಲಸ ಬಿಟ್ಟು, ಬಂದು ಅಪ್ಪನ ಲಾರಿ ಹಿಡಿಯುತ್ತೇನೆ ಎಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಅದನ್ನು ಅಪ್ಪನಿಗೆ ಓದಿ ಹೇಳಿದೆ. ಮೊನ್ನೆ ತಡಸ ಊರಿನವರೊಬ್ಬರನ್ನು ತಾನೇ ಕರೆಸಿ, ಲಾರಿ ಮಾರಿದ. ಕಾಗದಕ್ಕೆ ಸಹಿ ಮಾಡಿ, ಕೀಲಿಕೈಯನ್ನು ಎಡಗೈಯಿಂದಲೇ ಕೊಟ್ಟ. ನಿನಗೆ ಹೀಗೆ ಬರೆ ಎಂದ: "ನಾ ರಸ್ತೆ ಮ್ಯಾಲ ಓಡಿದೆ, ನೀ ರಸ್ತೆ ಮಾಡಾಕತ್ತೀ. ಇಳದ ಬರಬ್ಯಾಡ." ತರಬೇತಿಗೆ ಒಪ್ಪಿಗೆ ಕೊಡು.