ಮರುದ್ವೀಪಕ್ಕೆ ನಾಲ್ಕು ಕಿಲೋ

ಫೆಬ್ರವರಿ 30, 2231
ಕಾರವಾರದಿಂದ ನೈಋತ್ಯಕ್ಕೆ ಒಂದು ಹಗಲಿನ ದಾರಿ

ಹಾಸಿಗೆಯ ಮೇಲೆ ಸೂಟ್‌ಕೇಸು ತೆರೆದಿಟ್ಟುಕೊಂಡು ಕುಳಿತಿರುವವರಿಗೆ,

ಮೇಲಿನ ತಾರೀಖು ತಪ್ಪಲ್ಲ. ತಿಂಗಳುಗಳನ್ನು ಸಮ ಮಾಡಿದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಈ ಪತ್ರವನ್ನೇ ನಾವು ಹಿಂಬರಹ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದು ಸರ್ಕಾರಿ ಕಚೇರಿ ಕೊಡುತ್ತಿದ್ದ ಉತ್ತರವಾಗಿತ್ತಂತೆ. ನಮ್ಮಲ್ಲಿ ದ್ವೀಪಕ್ಕೆ ಬಂದವರು, ತಮಗಿಂತ ಬಹಳ ಹಿಂದೆ ದ್ವೀಪಗಳಿಗೆ ಹೋದವರೊಬ್ಬರಿಗೆ ಬರೆಯಬೇಕಾದ ಕಾಗದ. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಬರೆಯದಿದ್ದರೆ ಮಾತ್ರ ಕೇಳುತ್ತಾರೆ.

ನೀವು ಹೇಗೆ ಹೊರಡುತ್ತಿದ್ದಿರೆಂದು ನಮಗೆ ಸ್ವಲ್ಪ ಗೊತ್ತು. ‘ಮಾಲ್ಡೀವ್ಸ್, ನಾಲ್ಕು ದಿನ’ ಎಂಬ ತಲೆಬರಹದ ಒಂದು ಪಟ್ಟಿ ನಮ್ಮ ಶಾಲೆಯ ಪಾಠದಲ್ಲಿದೆ. ಮೂವತ್ತೇಳು ವಸ್ತುಗಳು. ಅವುಗಳಲ್ಲಿ ಹನ್ನೊಂದರ ಮುಂದೆ ‘ಇರಲಿ’ ಎಂದಷ್ಟೇ ಬರೆದಿದೆ. ಮೂರು ಅಂಗಿ, ಇರಲಿ. ಇನ್ನೊಂದು ಚಾರ್ಜರು, ಇರಲಿ. ನಾವು ಮಕ್ಕಳಾಗಿದ್ದಾಗ ಅದನ್ನು ಓದಿ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ಮನೆಯಿಂದ ಅಷ್ಟು ದೂರ ಹೋಗುವವರಿಗೆ ಅಂಜಿಕೆ ಸಹಜ.

ನೀವು ನೋಡಲಿರುವ ದ್ವೀಪಗಳಲ್ಲಿ ಹಲವು ಮುಳುಗಿದವು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೂರು ತಲೆಮಾರಿನ ಹವಳಗಾರರು, ಅಂದರೆ ನೀರಿನೊಳಗೆ ಗಾರೆ ಕೆಲಸದವರಂತೆ ಹವಳ ಕೂರಿಸುವವರು, ಕೆಲವನ್ನು ಮತ್ತೆ ಎಬ್ಬಿಸಿದರು. ಇವೇ ಮರುದ್ವೀಪಗಳು. ಪ್ರತಿಯೊಬ್ಬರಿಗೂ ಜೀವನದಲ್ಲಿ ಒಂದು ಸಲ ಇಲ್ಲಿ ಹನ್ನೆರಡು ದಿನ ಇರುವ ಸರದಿ ಬರುತ್ತದೆ. ತಪ್ಪಿದರೆ ಮತ್ತೆ ಬರುವುದಿಲ್ಲ. ಒಬ್ಬರಿಗೆ ನಾಲ್ಕು ಕಿಲೋ ಸಾಮಾನು. ಬಟ್ಟೆಯನ್ನು ದ್ವೀಪವೇ ಕೊಡುತ್ತದೆ, ನಮ್ಮ ಬಟ್ಟೆಯ ಎಳೆಗಳು ಎಳೆಯ ಹವಳಕ್ಕೆ ಸುತ್ತಿಕೊಳ್ಳುತ್ತವೆಂದು. ಬಿಸಿಲಿಗೆ ಹಚ್ಚುವ ಮುಲಾಮು ತರುವಂತಿಲ್ಲ, ಅಗಲ ಅಂಚಿನ ಟೊಪ್ಪಿಗೆ ಕೊಡುತ್ತಾರೆ. ಕಾಳು, ಬೀಜ, ಹಿಟ್ಟು, ತಿಂಡಿ ಯಾವುದೂ ಕೂಡದು. ಒಂದು ತುಣುಕು ಸಾಕು, ಅದರ ಹಿಂದೆ ಇರುವೆ, ಇರುವೆಯ ಹಿಂದೆ ಇಲಿ.

ಇದು ನಮ್ಮ ಅತ್ತೆ ಹಾಲವ್ವನಿಗೆ ಇನ್ನೂ ಒಪ್ಪಿಗೆಯಾಗಿಲ್ಲ. “ಹನ್ನೆರಡ ದಿನಕ್ಕ ನಾಕ ಕಿಲೋ? ನನ್ನ ಮದುವಿ ಸೀರಿನ ಅದಕಿಂತ ತೂಕಿತ್ತ. ಬುತ್ತಿ ಇಲ್ದ ಊರ ಬಿಡೂದಂದ್ರ ಏನು, ಜೈಲಿಗೆ ಹೊಂಟೀಯೇನ?” ಎಂದು ನಾನು ಹೊರಡುವ ಬೆಳಿಗ್ಗೆಯೂ ಕೇಳಿದರು.

ಇನ್ನೊಂದು ಪದ್ಧತಿ ನಿಮಗೆ ಎಲ್ಲಕ್ಕಿಂತ ವಿಚಿತ್ರವೆನಿಸಬಹುದು. ನಮ್ಮ ಚೀಲವನ್ನು ನಾವು ತುಂಬುವುದಿಲ್ಲ. ಅದೇ ಮನೆಯ ಇನ್ನೊಬ್ಬರು ತುಂಬುತ್ತಾರೆ, ಯಾರೆಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಇದಕ್ಕೆ ಕೈಬದಲು ಎನ್ನುತ್ತಾರೆ. ಏನು ಬೇಕೆಂದು ಅವರು ಕೇಳಬಾರದು, ನಾವು ಹೇಳಬಾರದು. ತಮ್ಮ ಚೀಲ ತಾವೇ ತುಂಬುವವರು ಅಂಜಿಕೆಯನ್ನೆಲ್ಲ ಒಳಗೆ ತುರುಕುತ್ತಾರೆ, ಬೇರೆಯವರಾದರೆ ನಮ್ಮ ಬಗ್ಗೆ ಗೊತ್ತಿರುವುದನ್ನಷ್ಟೇ ಇಡುತ್ತಾರೆ ಎಂಬುದು ಅದರ ತರ್ಕ.

ನನ್ನ ಚೀಟಿ ಸಾವಂತ್ರವ್ವನಿಗೆ ಹೋಯಿತು. ಅವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಗದಗಿನಲ್ಲಿ ನಮ್ಮದು ಒಂದೇ ಮನೆ. ಹನ್ನೊಂದು ವರ್ಷದ ಹಿಂದೆ ಬೀಗರ ಮುಂದೆ ನಾನೊಂದು ಮಾತು ಆಡಿದೆ: “ನಮ್ಮ ಅಕ್ಕನ ರೊಟ್ಟಿ ಮನಿಗೆ ಹೆಂಚ ಹೊದಿಸಾಕ ಬರ್ತಾವ.” ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಆಮೇಲೆ ಅವಳು ಜಗಳವಾಡಲಿಲ್ಲ, ಅಗತ್ಯದ ಮಾತು ನಿಲ್ಲಿಸಲೂ ಇಲ್ಲ. ಆದರೆ ನನ್ನ ತಟ್ಟೆಗೆ ತನ್ನ ಕೈಯಾರೆ ರೊಟ್ಟಿ ಹಾಕುವುದನ್ನು ಬಿಟ್ಟಳು. ಬುಟ್ಟಿಯನ್ನು ನನ್ನ ಕಡೆ ಸರಿಸುತ್ತಾಳೆ, ಅಷ್ಟೆ. ನಾನು ಗಾಳಿಯಂತ್ರಗಳನ್ನು ರಿಪೇರಿ ಮಾಡುವವಳು. ಒಂದು ಹಲ್ಲು ಮುರಿದ ಚಕ್ರವನ್ನು ಹಾಗೆಯೇ ತಿರುಗಲು ಬಿಡಬಾರದೆಂದು ಚೆನ್ನಾಗಿ ಗೊತ್ತು. ಬಿಟ್ಟೆ.

ಹೊರಡುವಾಗ ಅವಳು ಹೊಲಿದು ಮುಚ್ಚಿದ ಚೀಲವನ್ನು ನನ್ನ ಕೈಗೆ ಕೊಟ್ಟಳು. “ತೊಗೋ. ಅಲ್ಲಿಗೆ ಹೋಗೂತನಕ ಬಿಚ್ಚಬ್ಯಾಡ,” ಎಂದಳು. ನಾನು ಹೂಂ ಎಂದೆ.

ಕಾರವಾರದ ಹೊಸ ಧಕ್ಕೆಯಲ್ಲಿ ದೋಣಿ ನಿಂತಿತ್ತು. ತಪಾಸಣೆಯವರು ಇನ್ನೂ ಹೊಲಿಗೆ ಬಿಚ್ಚಿರಲಿಲ್ಲ. “ಗದಗ ಬದಿಯವ್ರಾ? ನಿಮ್ಮ ಚೀಲ ವಾಸನೆಗೇ ಗೊತ್ತಾತದೆ ಮಾರಾಯ್ರೆ,” ಎಂದರು. ಹೊಲಿಗೆ ಬಿಚ್ಚಿದಾಗ ಒಳಗಿನಿಂದ ಒಂದು ಬಿಳಿ ಬಟ್ಟೆಯ ಗಂಟು ಬಂತು. ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ.

ನನ್ನ ಮನಸ್ಸಿಗೆ ಮೊದಲು ಬಂದದ್ದನ್ನು ಬರೆಯುತ್ತೇನೆ. ಬೇಕೆಂದೇ ಇಟ್ಟಿದ್ದಾಳೆ, ನನ್ನ ಸರದಿ ತಪ್ಪಿಸಲು ಹನ್ನೊಂದು ವರ್ಷ ಕಾದಿದ್ದಾಳೆ, ಎಂದುಕೊಂಡೆ. ನಿಯಮದಂತೆ ಅವರು ನನ್ನನ್ನು ಅಲ್ಲಿಂದಲೇ ಹಿಂದೆ ಕಳಿಸಬಹುದಿತ್ತು.

ಆದರೆ ಅವರು ಕಲ್ಲಿನ ಕಟ್ಟೆಯೊಂದನ್ನು ತೋರಿಸಿದರು. “ಚೀಲದಲ್ಲಿದ್ದದ್ದಕ್ಕೆ ಕಾನೂನು ಉಂಟು, ಹೊಟ್ಟೆಯಲ್ಲಿದ್ದದ್ದಕ್ಕೆ ಇಲ್ಲ. ಅರ್ಧ ತಾಸದೆ, ಕೂತು ಮುಗಿಸಿ. ಬಿಸಾಡೂಕಿಲ್ಲ ಮತ್ತೆ. ಕಾಗೆ ಎತ್ಕಂಡ್ಹೋಗಿ ದೋಣಿ ಮೇಲೇ ಹಾಕ್ತದೆ.”

ಗಂಟು ಬಿಚ್ಚಿ ಎಣಿಸಿದೆ. ಇಪ್ಪತ್ತೆರಡು ರೊಟ್ಟಿ. ನನ್ನಿಂದ ನಾಲ್ಕು ಮುಗಿಯಬಹುದು. ಗುರುತಿಲ್ಲದವರನ್ನು ನಾನಾಗಿಯೇ ಮಾತಾಡಿಸುವ ಅಭ್ಯಾಸ ನನಗಿಲ್ಲ. ಆದರೂ ಎದ್ದು, ಸಾಲಿನಲ್ಲಿದ್ದ ಪ್ರತಿಯೊಬ್ಬರ ಮುಂದೆಯೂ ಬಟ್ಟೆ ಹಿಡಿದು ನಿಂತೆ. ಹೊನ್ನಾವರದ ಹವಳಗಾರ ಹೆಂಗಸೊಬ್ಬಳು ರೊಟ್ಟಿಯನ್ನು ಬಿಸಿಲಿಗೆ ಎತ್ತಿ ಹಿಡಿದಳು. “ಇದೆಂತ ರೊಟ್ಟಿಯಾ, ಕಾಗದವಾ? ಆಚೆ ಬದಿ ಸಮುದ್ರ ಕಾಣ್ತದಲ್ರಾ!”

ಆಗ ನಾನೂ ನೋಡಿದೆ. ಅಷ್ಟು ತೆಳುವಾಗಿ ಬಡಿದ ರೊಟ್ಟಿಯನ್ನು ನಮ್ಮ ಕಡೆಯಲ್ಲೂ ನಾನು ಕಂಡಿರಲಿಲ್ಲ. ಒಂದೂ ಮುರಿದಿರಲಿಲ್ಲ. ದಪ್ಪ ಮಾಡಿದ್ದರೆ ನಾಲ್ಕು ಕಿಲೋದೊಳಗೆ ಇಪ್ಪತ್ತೆರಡು ಹಿಡಿಯುತ್ತಿರಲಿಲ್ಲ. ನಿಯಮ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬುತ್ತಿಯಿಲ್ಲದೆ ಯಾರನ್ನೂ ಕಳಿಸುವುದು ಅವಳ ಕೈಲಾಗುವುದಿಲ್ಲ, ನನ್ನನ್ನು ಕೂಡ.

“ಯಾರು ಮಾಡಿದ್ದು?” ಎಂದು ಆ ಹೆಂಗಸು ಕೇಳಿದಳು.

“ನಮ್ಮ ಅಕ್ಕ,” ಎಂದೆ.

“ಹಂಗಾರೆ ಅವ್ರೇ ಬರೂದಲ್ವಾ? ನಿಮ್ಮನ್ನೆಂತಕ್ಕೆ ಕಳ್ಸಿದ್ರು!”

ಎಲ್ಲರೂ ನಕ್ಕರು. ಈ ಸಲ ನಗೆಗೆ ಗುರಿಯಾದವಳು ನಾನು. ದೋಣಿ ಕೂಗುವ ಹೊತ್ತಿಗೆ ಬಟ್ಟೆಯನ್ನು ನೀರಿನ ಮೇಲೆ ಕೊಡವದೆ, ತಪಾಸಣೆಯವರ ಮುಂದೆ ಬೋಗುಣಿಯಲ್ಲಿ ಕೊಡವಿ ಮಡಿಸಿಟ್ಟೆ. ಕೊನೆಯ ರೊಟ್ಟಿಯನ್ನು ಅವರೇ ತಿಂದಿದ್ದರು.

ಇವತ್ತು ಇಲ್ಲಿ ನನಗೆ ಮೂರನೆಯ ದಿನ. ನೀರು ಮೊಣಕಾಲಿನವರೆಗೆ ಹಸಿರು, ಆಚೆಗೆ ನೀಲಿ. ತೆಂಗಿನ ಮರಗಳು ಇನ್ನೂ ಆಳೆತ್ತರ. ಮಧ್ಯಾಹ್ನ ಎಲ್ಲರೂ ಒಂದೊಂದು ಬುಟ್ಟಿ ಹವಳದ ಮರಿಗಳನ್ನು ನೆನೆಸಿದ ಗೋಣಿಯಡಿ ಹೊತ್ತು ಹವಳಗಾರರಿಗೆ ಕೊಡುತ್ತೇವೆ. ನಮ್ಮ ರಜೆಯಲ್ಲಿ ಅಷ್ಟು ಕೆಲಸ ಇರುತ್ತದೆ. ನೆಲ ಬೆಳೆಯುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ, ಆದರೆ ಹೋದ ವರ್ಷ ನೀರಂಚಿಗೆ ನೆಟ್ಟ ಗುರುತಿನ ಕಂಬ ಈಗ ದಂಡೆಯಿಂದ ಎಂಟು ಹೆಜ್ಜೆ ಒಳಗಿದೆ. ನಾನೇ ಅಳೆದೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಸಣ್ಣದು. ಹವಳದ ಮೇಲೆ ಕಾಲಿಡಬೇಡಿ. ನೀವು ತುಳಿಯದೆ ಬಿಟ್ಟದ್ದರ ಮರಿಯೇ ನಾವು ಹೊರುತ್ತಿರುವುದು. ಮತ್ತೆ, ಚೀಲ ಮುಚ್ಚುವ ಮೊದಲು ಮನೆಯ ಒಬ್ಬರಿಗಾದರೂ ಅದರಲ್ಲಿ ಕೈ ಹಾಕಲು ಬಿಡಿ.

ಮುಂದಿನ ತಿಂಗಳು ಸಾವಂತ್ರಕ್ಕನ ಸರದಿ. ಚೀಟಿ ಎತ್ತುವ ಬದಲು ನಮ್ಮ ಮನೆಯಿಂದ ಹೋಗಿ ಬಂದವರೇ ಮುಂದಿನವರ ಚೀಲ ತುಂಬಬೇಕೆಂದು ನಾನು ಅರ್ಜಿ ಹಾಕಿದ್ದೇನೆ, ಒಪ್ಪಿದ್ದಾರೆ. ಇಲ್ಲಿಯ ಮರಳಿನಲ್ಲಿ ಹವಳದ ಚೂರುಗಳಿವೆ, ಅವಳು ಬರಿಗಾಲಿನಲ್ಲಿ ಓಡಾಡುವವಳು. ಮೆತ್ತನೆಯ ಚಪ್ಪಲಿ ಇಡಬೇಕು. ಇಪ್ಪತ್ತು ವರ್ಷ ಒಂದೇ ಹೊಸ್ತಿಲು ದಾಟಿದ್ದೇವೆ, ಅವಳ ಕಾಲಿನ ಅಳತೆ ನನಗೆ ಗೊತ್ತಿಲ್ಲ. ಏನು ಬೇಕೆಂದು ಕೇಳಬಾರದೆಂದು ನಿಯಮವಿದೆ. ಅಳತೆ ಕೇಳಬಾರದೆಂದು ಎಲ್ಲೂ ಬರೆದಿಲ್ಲ. ಎರಡು ಸಲ ಓದಿ ನೋಡಿದೆ.

ಮನೆಗೆ ಹೋದ ದಿನವೇ ಕೇಳುತ್ತೇನೆ.

ನಿಮ್ಮ ಪ್ರಯಾಣ ಸುಖವಾಗಲಿ,
ಕಸ್ತೂರಿ, ಗದಗ