ನಮ್ಮ ಹುಡುಗಿ ಹೆಣೆದ ಲೇಸು

ಯಲಹಂಕ ಪೇಟೆ
೧೨-೧೦-೧೯೮೨, ಮಂಗಳವಾರ

ನನ್ನ ಕೂಸು ಮುನಿಲಕ್ಷ್ಮಿಗೆ,

ನಿನ್ನ ಅಪ್ಪ ಬರೆಯುವುದು. ಹೇಗಿದ್ದೀಯಮ್ಮ? ಬಾಗಲಗುಂಟೆಯ ಬಾವಿ ನೀರು ಈಗಲಾದರೂ ಒಗ್ಗಿತೇ? ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಇಲ್ಲವೋ, ನೀನು ಮೊದಲಿನಿಂದಲೂ ಅದರಲ್ಲಿ ಸೋಮಾರಿ. ಅಳಿಯಂದಿರ ರಾತ್ರಿ ಪಾಳಿ ಮುಗಿದಿದೆ ಎಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಮೊಣಕಾಲು ಮಾತ್ರ ಚಳಿಗೆ ಮುಂಚೆಯೇ ಹಿಡಿದುಕೊಂಡಿದೆ. ಅದನ್ನು ನಿಮ್ಮಮ್ಮ ಹೇಳಿಯೇ ಇರುತ್ತಾಳೆ, ಅವಳ ದಯದಿಂದ ನನ್ನ ಮೊಣಕಾಲು ಈಗ ಇಡೀ ಬಾಗಲಗುಂಟೆಗೆ ಪರಿಚಯ. ಕೆಂದ ಹಸುವಿನ ಕರು ಚೂಟಿಯಾಗಿದೆ. ಅದರ ಗಿಣ್ಣು ನಿಮ್ಮನೆಗೆ ಕೆಡದೆ ತಲುಪಿತಂತೆ, ಸಂತೋಷ.

ಆದರೆ ಗಿಣ್ಣು ಕೊಟ್ಟು ಬಂದ ನಿಮ್ಮಮ್ಮ ಅವತ್ತು ಕಾಲಿಗೆ ನೀರೂ ಹಾಕಿಕೊಳ್ಳದೆ ಜಗಲಿಯ ಮೇಲೆ ಕುಳಿತುಬಿಟ್ಟಳು. ಏನಾಯಿತೇ ಎಂದರೆ, ‘ನಮ್ ಮಗೀನ ಬೆರಳು ನೋಡ್ದೆ ಕಣಯ್ಯ. ತುದಿಯೆಲ್ಲಾ ಪಿನ್ನು ಚುಚ್ಚಿ ತೂತು. ಇಡ್ಕಂಡು ನೋಡಾನ ಅಂದ್ರೆ ಸೆರಗಿನಾಗೆ ಬಚ್ಚಿಟ್ಕಂಡ್ಲು’ ಎಂದಳು. ನಿಮ್ಮತ್ತೆ ಅವಳನ್ನು ಹಿತ್ತಲಿಗೆ ಕರೆದು ಹೇಳಿದ್ದನ್ನೂ ಹೇಳಿದಳು: ‘ನೋಡ್ರಮ್ಮ, ನಿಮ್ ಹುಡ್ಗಿ ಕೈಯಾಗೆ ಕೆಲ್ಸ ಐತೆ, ಮನ್ಸಿನಾಗಿಲ್ಲ. ತೌರಿನಾಗೆ ಮೊಳಗಟ್ಲೆ ಹೆಣೀತಿದ್ಲು. ನನ್ ಮಗಳ ಮದ್ವೆ ರವಿಕೆಗೆ ಒಂದು ಗೇಣು ಲೇಸು ಕೇಳಿದ್ರೆ ಅವ್ಳಿಗೆ ತಲೆನೋವು.’ ನಿನ್ನ ನಾದಿನಿ ಮಾತು ಬಿಟ್ಟಿದ್ದಾಳಂತೆ. ಅಳಿಯಂದಿರೂ ‘ಹಟ ಯಾಕೆ, ಮಾಡ್ಕೊಡಬಾರ್ದಾ’ ಎಂದರಂತೆ. ನೀನು ಎಲ್ಲಕ್ಕೂ ಹೂಂ ಹೂಂ ಎಂದೆಯಂತೆ. ‘ನಮ್ಮಪ್ಪ ಹೆಣೆದದ್ದು, ನನಗೆ ಬರುವುದಿಲ್ಲ’ ಎಂಬ ಒಂದು ಮಾತು ನಿನ್ನ ಬಾಯಿಂದ ಹೊರಡಲಿಲ್ಲವಂತೆ. ಅವತ್ತು ನಾನು ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಈ ಕೆಲಸ ನನಗೆ ಹೇಗೆ ಅಂಟಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ. ನಾನು ಮರದ ಲೇತಿನಲ್ಲಿ ಮಂಚದ ಕಾಲು, ತೊಟ್ಟಿಲ ಗೂಟ ಕಡೆದುಕೊಂಡಿದ್ದವನು. ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳಿಗೆ ಲೇಸು ಕಲಿಸುತ್ತಿದ್ದ ಒಬ್ಬರು ಮುದಿ ಸಿಸ್ಟರು ದಾರ ಸುತ್ತುವ ಬಾಬಿನ್ ಕಡ್ಡಿ ಬೇಕೆಂದು ನನ್ನ ಲೇತಿನ ಹತ್ತಿರ ಬಂದರು. ಮಾಡಿಕೊಟ್ಟೆ. ‘ಸೊಣ್ಣಪ್ಪ, ಕಡ್ಡಿ ಭಾರ, ದಾರ ತುಂಡಾಗ್ತದೆ’ ಎಂದು ವಾಪಸು ತಂದರು. ಹಾಲೆಮರದಲ್ಲಿ ಮಾಡಿದರೆ, ‘ಈಗ ಹಗುರ, ದಾರ ಬಿಗಿಯೋದಿಲ್ಲ’ ಎಂದರು. ತೂಕ ಎಷ್ಟಿರಬೇಕೆಂದು ನಾನೇ ತಿಳಿಯೋಣ ಎಂದು ಅವರ ದಿಂಬಿನ ಮುಂದೆ ಕುಳಿತೆ. ಹುಲ್ಲು ಬಿಗಿದು ತುಂಬಿದ ದುಂಡು ದಿಂಬು, ಅದರ ಮೇಲೆ ಚಿತ್ತಾರ ಚುಚ್ಚಿದ ರಟ್ಟು, ತೂತಿಗೊಂದು ಗುಂಡುಪಿನ್ನು, ಸುತ್ತ ಇಳಿಬಿದ್ದ ಕಡ್ಡಿಗಳು. ಒಂದರ ಮೇಲೊಂದು ಕಡ್ಡಿ ಹೊರಳಿಸುತ್ತಾ ಹೋದರೆ ಪಿನ್ನುಗಳ ನಡುವೆ ದಾರ ತಾನೇ ಹೂವಾಗುತ್ತದೆ. ಕಡ್ಡಿಗಳು ತಾಕಿ ಟಕಟಕ ಎನ್ನುವ ಸದ್ದಿಗೆ ನನ್ನ ತಲೆಯೊಳಗಿನ ಗದ್ದಲ ಅಡಗುತ್ತಿತ್ತು. ಸಂಜೆ ಲೇತು ಬಿಟ್ಟ ಮೇಲೆ ನನಗೆ ಅದೇ ಕೆಲಸ, ಅದೇ ಆಟ. ಒಂದು ಸಲ ನಮ್ಮ ಬೀದಿಯ ಮುನಿವೆಂಕಟಯ್ಯ ಕಿಟಕಿಯಿಂದ ನೋಡಿ, ಅರಳಿಕಟ್ಟೆಯಲ್ಲಿ ಎಲ್ಲರ ಮುಂದೆ ‘ಏನ್ ಸೊಣ್ಣಪ್ಪ, ಲೇಸಾಯ್ತು, ಇನ್ನು ಸೀರೆ ಯಾವಾಗ ಉಡ್ತೀಯ?’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾರಾದರೂ ಬಂದರೆ ದಿಂಬಿನ ಮೇಲೆ ಟವೆಲು ಎಳೆಯುತ್ತಿದ್ದೆ.

ನಿನ್ನನ್ನು ನೋಡಲು ಬಂದ ದಿನ ಟವೆಲು ಎಳೆಯುವಷ್ಟು ಹೊತ್ತೂ ಸಿಗಲಿಲ್ಲ. ರಾಹುಕಾಲ ಕಳೆದು ಬರುತ್ತೇವೆ ಎಂದವರು ರಾಹುಕಾಲಕ್ಕೆ ಮುಂಚೆಯೇ ಬಂದರು. ನಾನು ಚಾಪೆಯಿಂದ ಎದ್ದು ಪಂಚೆ ಸರಿಮಾಡಿಕೊಳ್ಳುವಷ್ಟರಲ್ಲಿ ನಿಮ್ಮತ್ತೆಯ ಕಣ್ಣು ದಿಂಬಿನ ಮೇಲೆ ಬಿದ್ದಿತ್ತು. ‘ಎಷ್ಟು ನಾಜೂಕಾಗೈತೆ. ಯಾರು ಮಾಡಿದ್ದು?’ ಎಂದು ಕೇಳಿದರು. ನಿಮ್ಮಮ್ಮ ನನ್ನ ಮುಖ ನೋಡಿದಳು. ನಾನು ‘ನಮ್ ಹುಡ್ಗೀದು’ ಎಂದುಬಿಟ್ಟೆ. ನೀನು ಕಾಫಿ ಲೋಟದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ತಲೆ ತಗ್ಗಿಸಿದೆ. ಅವರು ಅದನ್ನು ನಾಚಿಕೆ ಎಂದುಕೊಂಡು ಮೆಚ್ಚಿಕೊಂಡರು. ಹುಡುಗಿಗೆ ಒಳ್ಳೆಯ ಸಂಬಂಧ ಕೂಡಲಿ ಎಂದು ಹಾಗಂದೆ ಅಂತ ಆಮೇಲೆ ನಿಮ್ಮಮ್ಮನಿಗೆ ಹೇಳಿದೆ. ಅದೂ ಸುಳ್ಳು. ಹೊಸ ಬೀಗರ ಮುಂದೆ, ಮೀಸೆ ಹೊತ್ತ ನಾನು, ಇದು ನನ್ನದು ಎನ್ನಲಾರದೆ ನಿನ್ನ ಹೆಸರಿನ ಹಿಂದೆ ಅವಿತುಕೊಂಡೆ.

ಅಲ್ಲಿಗೂ ನಿಲ್ಲಿಸಲಿಲ್ಲ. ಮಾತು ಉಳಿಸಿಕೊಳ್ಳಬೇಕಲ್ಲ ಎಂದು ಮದುವೆಯ ಸಾಮಾನಿನ ಜೊತೆ ಆ ದಿಂಬನ್ನೂ ಟೆಂಪೋಗೆ ಹಾಕಿಸಿದೆ, ಅರ್ಧ ಹೆಣೆದ ಲೇಸಿನ ಸಮೇತ. ದಾರಿಯ ಕುಲುಕಾಟಕ್ಕೆ ಪಿನ್ನು ಕಿತ್ತು ದಾರವೆಲ್ಲ ಗೋಜಲಾಗಿದೆಯಂತೆ, ನೀನು ಒಬ್ಬಳೇ ಕುಳಿತು ಬಿಡಿಸುತ್ತೀಯಂತೆ. ಆಷಾಢಕ್ಕೆ ಮನೆಗೆ ಬಂದಾಗ ನೀನು ಪೊರಕೆ ಕಡ್ಡಿಗೆ ದಾರ ಕಟ್ಟಿಕೊಂಡು, ‘ಅಪ್ಪ, ಯಾವುದರ ಮೇಲೆ ಯಾವುದು ಹೋಗ್ಬೇಕು?’ ಎಂದು ದಿನಾ ಕೇಳುತ್ತಿದ್ದೆ. ನಾಲ್ಕು ಕಡ್ಡಿಯಲ್ಲಿ ನಡುವಿನವೆರಡರ ಎಡದ್ದು ಬಲದ್ದರ ಮೇಲೆ, ಆಮೇಲೆ ಎರಡೂ ಜೋಡಿಯಲ್ಲಿ ಬಲದ್ದು ಎಡದ್ದರ ಮೇಲೆ ಎಂದು ನಾನು ಹಿಗ್ಗಿ ಹೇಳಿಕೊಟ್ಟೆ. ಮಗಳಿಗೆ ಕೊನೆಗೂ ಇದರ ರುಚಿ ಹತ್ತಿತು ಎಂದುಕೊಂಡೆ. ನೀನು ನನ್ನ ಸುಳ್ಳನ್ನು ನಿಜ ಮಾಡಲು ಒದ್ದಾಡುತ್ತಿದ್ದೆ. ಎದುರಿಗೇ ಕುಳಿತಿದ್ದರೂ ನನಗೆ ತಿಳಿಯಲಿಲ್ಲ. ಅದು ಒಂದು ತಿಂಗಳಲ್ಲಿ ಬರುವ ಕೆಲಸವಲ್ಲ ಕಣಮ್ಮ. ನನಗೇ ವರ್ಷಗಳು ಹಿಡಿದವು, ನನಗೆ ಯಾರ ಬೈಗುಳವೂ ಇರಲಿಲ್ಲ.

ಮೊದಲು ನನಗೆ ಲೇಸು ಹೆಣೆಯುವುದೇ ನಾಚಿಕೆಯಾಗಿತ್ತು. ಈಗ ಆ ನಾಚಿಕೆಯನ್ನು ನೆನೆದರೆ ತಲೆ ಎತ್ತಲಾಗುತ್ತಿಲ್ಲ. ನನ್ನ ಕೈ ಮಾಡಿದ ಒಳ್ಳೆಯ ಕೆಲಸವನ್ನು ನನ್ನದಲ್ಲ ಎಂದೆ, ಅದರ ಬೆಲೆ ನೀನು ತೆರುತ್ತಿದ್ದೀಯ. ಇದನ್ನು ಹೇಗೆ ಸರಿಮಾಡಬೇಕೆಂದು ಗೊತ್ತಾಗುತ್ತಿಲ್ಲ. ಈ ಕಾಗದವನ್ನು ಅಲ್ಲಿ ಯಾರಾದರೂ ಒಡೆದು ಓದಿದರೆ ಓದಲಿ.

ನಿಮ್ಮತ್ತೆ ಮಾವನಿಗೆ ನನ್ನ ನಮಸ್ಕಾರ ತಿಳಿಸು, ಅಳಿಯಂದಿರಿಗೂ ನಾದಿನಿಗೂ ಆಶೀರ್ವಾದ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚು, ಬಟ್ಟೆ ಸೋಪಿನಲ್ಲಿ ಕೈ ಅದ್ದಬೇಡ. ನೀನು ತಣ್ಣಗಿರು ತಾಯಿ.

ನಿನ್ನ ಅಪ್ಪ
ಸೊಣ್ಣಪ್ಪ

ಕಾಗದ ಅಂಟಿಸುವ ಮುಂಚೆ ಇನ್ನೊಂದು ಮಾತು: ಏನು ಬರೆದೆ ಓದು ಎಂದಳು ನಿಮ್ಮಮ್ಮ, ಓದಿದೆ. ‘ನೀನು ಕಾಗ್ದದಾಗೆ ಅತ್ರೆ ಅವ್ಳ ಬೆರಳು ಮಾಯ್ತದಾ?’ ಎಂದು ಎದ್ದು ಹೋದಳು. ಭಾನುವಾರ ಮೊದಲ ಬಸ್ಸಿಗೆ ನಾನೇ ಬರುತ್ತಿದ್ದೇನೆ. ನಿಮ್ಮತ್ತೆಗೆ ನೀನು ಏನೂ ಹೇಳಬೇಡ, ಹೇಳಬೇಕಾದವನು ನಾನು. ಗೋಜಲಾದ ದಾರ ಕತ್ತರಿಸಬೇಡ, ಹಾಗೇ ಇರಲಿ. ದಿಂಬನ್ನು ಒಳಕೋಣೆಯಿಂದ ತಂದು ಪಡಸಾಲೆಯಲ್ಲಿ ಇಡು. ನಿನ್ನ ನಾದಿನಿಯ ಲೇಸು ಮುಗಿಯುವ ತನಕ ವಾರವಾರವೂ ಬಂದು ಅಲ್ಲೇ ಕುಳಿತು ಹೆಣೆಯುತ್ತೇನೆ, ಅವರ ನೆಂಟರಿಷ್ಟರು ಯಾರು ಬಂದರೂ ಸರಿ. ಬೀದಿ ಬಾಗಿಲು ಹಾಕಬೇಡಿ, ಈ ಕೆಲಸಕ್ಕೆ ಬೆಳಕು ಬೇಕು.