ಹೆಬ್ಬಾತುಗಳು ಇಳಿದ ಬೆಳಿಗ್ಗೆ

ಪ್ರೀತಿಯ ಮಾವ,

ಆ ಬೆಳಿಗ್ಗೆ ನೀವು ನನಗಿಂತ ಮೊದಲೇ ತಯಾರಾಗಿ, ಮಫ್ಲರ್ ಸುತ್ತಿಕೊಂಡು ಕಾರಿನ ಪಕ್ಕ ನಿಂತಿದ್ದಿರಿ. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಭದ್ರಾವತಿ ಕಡೆಯ ಕೆರೆಗೆ ಬಂದಿವೆಯಂತೆ ಎಂದು ನಾನು ಹಿಂದಿನ ದಿನ ಊಟಕ್ಕೆ ಕೂತಾಗ ಹೇಳಿದ್ದೆ, ಅಷ್ಟೇ. ಇಷ್ಟು ವರ್ಷ ನನ್ನ ಹಕ್ಕಿ ಹುಚ್ಚು ಕಂಡು ನಗುತ್ತಿದ್ದ ನೀವು, “ಹಿಮಾಲಯ ಹಾರಿ ಬರ್ತಾವಾ? ನಾನೂ ಬರ್ತೀನಮ್ಮ” ಅಂದಿರಿ. ಬೇಡ ಎನ್ನಲು ನನಗೆ ಯಾವ ಕಾರಣವಿತ್ತು ಹೇಳಿ?

ಮಾಚೇನಹಳ್ಳಿ ದಾಟುವಾಗ ನೀವು ಕಿಟಕಿಯ ಗಾಜು ಇಳಿಸಿದಿರಿ. ನೀವು ದುಡಿದ ಫೌಂಡ್ರಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಅಲ್ಲಿಯ ಯಂತ್ರಗಳ ಸದ್ದಿಗೇ ನಿಮ್ಮ ಕಿವಿ ಮಂದವಾದದ್ದು. ಮನೆಯಲ್ಲಿ ಪ್ರತಿ ಮಾತನ್ನೂ ನಿಮಗೆ ಎರಡು ಸಲ ಹೇಳುತ್ತಿದ್ದೆವು. ಅದಕ್ಕೇ ಮಾವ, ಅದಕ್ಕೇ ನನಗೆ ಗೊತ್ತಾಗಲಿಲ್ಲ.

ಕೆರೆ ಏರಿಯ ಕಲ್ಲಿನ ಮೇಲೆ ನಿಮ್ಮನ್ನು ಕೂರಿಸಿ, ಪಕ್ಕದಲ್ಲೇ ನಿಂತು ಬೈನಾಕ್ಯುಲರ್ ಹಿಡಿದಿದ್ದೆ. ಮಂಜು ಸರಿಯುತ್ತಿದ್ದಂತೆ ಅವು ಗುಂಪಾಗಿ ಕೂಗುತ್ತ ಬಂದು ನೀರಿಗೆ ಇಳಿದವು. ನಾನು ಅವುಗಳಿಂದ ಕಣ್ಣು ಕೀಳದೆ ಹೇಳುತ್ತಲೇ ಹೋದೆ: ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ನೀವು ಮಾತಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ಬೈನಾಕ್ಯುಲರ್ ಕೊಡಲು ತಿರುಗಿದರೆ ನಿಮ್ಮ ಗದ್ದ ಎದೆಗೆ ತಾಗಿತ್ತು. ನಿದ್ದೆ ಅಂದುಕೊಂಡೆ. ಭುಜ ಮುಟ್ಟಿದೆ, ನೀವು ಹಾಗೇ ನನ್ನ ಕಡೆ ವಾಲಿ... ಅಲ್ಲಿ ಇಲ್ಲದೇ ಹೋದ ನಿಮಗೆ ನಾನು ಎಷ್ಟು ಹೊತ್ತು ಹಕ್ಕಿ ತೋರಿಸುತ್ತಿದ್ದೆ, ಮಾವ?

ಮೀನು ಹಿಡಿಯುತ್ತಿದ್ದವರು ಓಡಿಬಂದು ನಿಮ್ಮನ್ನು ಕಾರಿಗೆ ಎತ್ತಿದರು. ಆಸ್ಪತ್ರೆಯಲ್ಲಿ ಡಾಕ್ಟರು ಜೀವ ಹೋಗಿದೆ ಎಂದಾಗ ನಾನು, ಅವರಿಗೆ ಕಿವಿ ಕೇಳಿಸೋದಿಲ್ಲ, ಜೋರಾಗಿ ಕರೀರಿ ಎಂದೆನಂತೆ. ನನಗೆ ನೆನಪಿಲ್ಲ, ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ನಿಮ್ಮ ಮಗ ಹೇಳಿದ್ದು.

ಸವಳಂಗ ರಸ್ತೆಯ ಮನೆಗೆ ಬಂದ ನೆಂಟರು, ಈ ಚಳಿಯಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಕಿತ್ತೇ ಎಂದು ಒಳಕೋಣೆಯಲ್ಲಿ ಮಾತಾಡಿಕೊಂಡರು. ಅತ್ತೆ ಏನೂ ಅನ್ನಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊಟ ಬಡಿಸುವಾಗಲೂ ನನ್ನ ಮುಖ ನೋಡದೆ... ನಾನು ಬೈನಾಕ್ಯುಲರನ್ನು ಅಟ್ಟಕ್ಕೆ ಹಾಕಿದೆ. ಒಂದು ವರ್ಷ, ಮೇಲೆ ಏನು ಹಾರಿದರೂ ತಲೆ ಎತ್ತಲಿಲ್ಲ.

ಮೊನ್ನೆ ಭಾನುವಾರ ಎದ್ದು ಬಂದರೆ ಅತ್ತೆ ಸ್ವೆಟರ್ ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದರು. ಅಟ್ಟದಿಂದ ಇಳಿಸಿದ ಬೈನಾಕ್ಯುಲರ್ ಮಡಿಲಲ್ಲಿತ್ತು. “ನಂಗೂ ತೋರ್ಸು” ಅಂದರು. ಕಾರು ತೆಗೆದು ಅದೇ ಕೆರೆಗೆ ಕರೆದುಕೊಂಡು ಹೋದೆ. ಏರಿಯ ಮೇಲೆ, ನೀವು ಎಲ್ಲಿ ಕೂತಿದ್ದಿರಿ ಎಂದು ಕೇಳಿದರು. ತೋರಿಸಿದೆ. ಕಲ್ಲನ್ನು ಕೈಯಿಂದ ಸವರಿ ಅಲ್ಲೇ ಕೂತರು. ತುಂಬ ಹೊತ್ತು ಹೆಬ್ಬಾತುಗಳನ್ನೇ ನೋಡಿದರು. ನಾನು ಹಕ್ಕಿ ನೋಡಲೇ ಇಲ್ಲ, ಅವರ ಉಸಿರನ್ನೇ ನೋಡುತ್ತಿದ್ದೆ.

“ಇಷ್ಟು ದೂರದಿಂದ ಬಂದಿದಾವೆ. ಅವ್ರು ನೋಡ್ದೆ ಇರೋರಾ? ನೀನು ಬೇಡ ಅಂದಿದ್ರೂ ಬಸ್ ಹತ್ಕೊಂಡು ಬಂದಿರೋರು” ಅಂದರು ಅತ್ತೆ. ನೀವು ಹೋದಮೇಲೆ ಮೊದಲ ಸಲ ನನ್ನ ಮುಖ ನೋಡಿದ್ದರು.

ಈ ಭಾನುವಾರವೂ ಹೋಗಬೇಕಂತೆ. ಕೋಟೆ ರಸ್ತೆಯಲ್ಲಿರುವ ತಮ್ಮ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು: “ನೀನೂ ಬಾರೆ. ನಮ್ ಸೊಸೆ ತೋರಿಸ್ತಾಳೆ.”

ನಿಮ್ಮ
ರೇಖಾ